ಬೆನ್ನ ಮೇಲಿನ ಹೆಬ್ಬೆರಳು

ಅವರ ಬಲಗೈಯ ಹೆಬ್ಬೆರಳು ಎಡಗೈಯದಕ್ಕಿಂತ ಅಗಲವಾಗಿತ್ತು. ತುದಿ ಚಪ್ಪಟೆ, ಉಗುರು ಅರ್ಧ ಸವೆದದ್ದು, ಎಷ್ಟು ತೊಳೆದರೂ ಹೋಗದ ಬೇವಿನೆಣ್ಣೆಯ ವಾಸನೆ. ಬೇರೆ ಹಿರಿಯರು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಇವರು ಮಾತ್ರ ಕಾಲಿಗೆ ಬಿದ್ದು ಏಳುವ ಮಗುವಿನ ಹೆಡಕಿಗೆ ಆ ಹೆಬ್ಬೆರಳನ್ನು ಒತ್ತಿ, ಬೆನ್ನುಮೂಳೆಯ ಗುಂಟ ಮೆಲ್ಲಗೆ ಸೊಂಟದ ತನಕ ಇಳಿಸುತ್ತಿದ್ದರು. ಕಚಗುಳಿಯಾಗಿ ನಾವು ನುಲಿಯುತ್ತಿದ್ದೆವು. ಅವರು ಬಿಡುತ್ತಿರಲಿಲ್ಲ. ಕೊನೆಯ ಎಲುಬು ಮುಟ್ಟಿದ ಮೇಲೆ, "ನೆಟ್ಟಗೈತಿ" ಎನ್ನುತ್ತಿದ್ದರು. ಅಷ್ಟೇ ಅವರ ಆಶೀರ್ವಾದ.

ಮುಧೋಳದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಸಂಸ್ಥಾನವಿದ್ದ ಕಾಲದಲ್ಲಿ ಕಾಕಾ ದರಬಾರಿನ ಬೇಟೆನಾಯಿಗಳನ್ನು ನೋಡಿಕೊಳ್ಳುತ್ತಿದ್ದರು. ಉದ್ದ ಮೂತಿ, ಒಳಸೇರಿದ ಹೊಟ್ಟೆ, ಚಾಟಿಯಂಥ ಬಾಲದ ಆ ನಾಯಿಗಳ ಮೈಮೇಲೆ ಪಕ್ಕೆಲುಬು ಎಣಿಸಬಹುದಿತ್ತು. ಯಾವ ಮರಿ ಚೊಕ್ಕ, ಯಾವುದು ಬೆರಕೆ ಎಂದು ಕಾಕಾ ಕಣ್ಣು ಮುಚ್ಚಿ ಬೆನ್ನ ಮೇಲೆ ಹೆಬ್ಬೆರಳು ಇಳಿಸಿ ಹೇಳುತ್ತಿದ್ದರು. ನಮ್ಮ ಬೆನ್ನಿಗೂ ಅದೇ ಬೆರಳು, ಅದೇ ಪರೀಕ್ಷೆ.

ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಕೂಡಿದ ಮೇಲೆ ನಾಯಿಮನೆ ಮುಚ್ಚಿತು, ಕಾಕಾನ ಕೆಲಸವೂ ಹೋಯಿತು. ನಮ್ಮ ಅಪ್ಪ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು, ಹೊಸ ಸರಕಾರದ ಮಾಮಲೇದಾರ ಕಚೇರಿಗೆ ಹೋಗಿ ಅದೇ ಕೆಲಸಕ್ಕೆ ಕುಳಿತರು. ಕಾಕಾನಿಗೆ ಹೋಗಿ ಕೂಡಲು ಕಚೇರಿ ಇರಲಿಲ್ಲ. ಉಳಿದ ನಾಲ್ಕು ನಾಯಿಗಳನ್ನು ತಮ್ಮ ಹಿತ್ತಲಿಗೆ ತಂದು ಕಟ್ಟಿಕೊಂಡರು. ಮನೆಯಲ್ಲಿ ಮಜ್ಜಿಗೆ ನೀರಾಗುತ್ತ ಬಂದರೂ ನಾಯಿಗಳ ನುಚ್ಚಿಗೆ ಹಾಲು ತಪ್ಪಲಿಲ್ಲ. ದಸರೆಯ ದಿನ ಅವುಗಳ ಮೈಗೆ ಎಣ್ಣೆ ಹಚ್ಚಿ, ತಾವು ಹಳೆಯ ಜರಿ ರುಮಾಲು ಸುತ್ತಿಕೊಂಡು, ರಾಜರ ವಾಡೆಯ ಮುಂದೆ ಒಂದು ತಾಸು ನಿಂತು ಬರುತ್ತಿದ್ದರು. ಕರೆದವರಿಲ್ಲ, ಯಾಕೆ ಬಂದಿ ಎಂದು ಕೇಳಿದವರೂ ಇಲ್ಲ.

"ಯಾಕ ಹೋಗ್ತೀರಿ ಕಾಕಾ, ಬಿಸಲಾಗ?" ಎಂದು ಅಪ್ಪ ಒಮ್ಮೆ ಕೇಳಿದರು.

"ನಾ ಎಲ್ಲಿ ಹೊಕ್ಕೇನ್ರಿ ರಾಯರ? ಕಾಲ ಹೊಕ್ಕಾವ. ನಮ್ಮಪ್ಪ ನಿಂತಿದ್ದ, ಅವರಪ್ಪ ನಿಂತಿದ್ದ. ನೆತ್ತರದಾಗಿಂದು ಒಂದು ಹುಕುಮ್ ಹೊಂಡಿಸಿದರ ಹೊಕ್ಕೈತೇನು?"

ನಾನು ಆಗ ಬೆಳಗಾವಿಯ ಕಾನ್ವೆಂಟಿನಲ್ಲಿ ಓದುತ್ತಿದ್ದೆ. ರಜೆಗೆ ಬಂದರೆ ಕಾಕಾನ ಹಿತ್ತಲ ಕಟ್ಟೆಯ ಮೇಲೆ ಸಿಸ್ಟರ್ ಕಲಿಸಿದಂತೆ ಮೊಣಕಾಲು ಜೋಡಿಸಿ ಕೂಡುತ್ತಿದ್ದೆ. ಕಾಕಾನಿಗೆ ಅದೊಂದು ಮೋಜು. "ನೋಡ, ಈ ಹುಡುಗಿ ಬೆಳಗಾವ್ಯಾಗ ಕುಂಡ್ರೂದ ಕಲತ ಬಂದೈತಿ. ಆದರ ಆ ನೋಡೂ ಕಣ್ಣ ಬೆಳಗಾವೀವಲ್ಲ, ಇವರವ್ವನವು" ಎಂದು ಕಾಕುಗೆ ಹೇಳುತ್ತಿದ್ದರು. ಆ ಕಣ್ಣುಗಳಿಂದ ನಾನು ನೋಡಿದ ಒಂದು ಸಂಗತಿಯೆಂದರೆ ಕಾಕಾ ನಿಲ್ಲುವ ರೀತಿ. ನಾಯಿಗಳು ನುಚ್ಚು ಉಣ್ಣುವಾಗ ಅವರು ಕೋಲಿಗೆ ಆತು, ಎಡಗಾಲ ಮೇಲೆ ಭಾರ ಹಾಕಿ, ಬಲಗಾಲಿನ ಅಂಗಾಲನ್ನು ಎಡ ಮೊಣಕಾಲಿನ ಪಕ್ಕಕ್ಕೆ ಒತ್ತಿ ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದರು. ಎಷ್ಟು ಹೊತ್ತಾದರೂ ಕಾಲು ಬದಲಿಸುತ್ತಿರಲಿಲ್ಲ.

ಕಾಕುವಿನದು ಉಡಿಕೆಯಾದ ಮದುವೆ. ಅಂದರೆ ಮೊದಲೊಂದು ಮದುವೆಯಾಗಿ, ಗಂಡ ಸತ್ತು, ಮೆರವಣಿಗೆ ಮಂಗಳವಾದ್ಯಗಳಿಲ್ಲದೆ ಸೀರೆ ಉಡಿಸಿ ಬಳೆ ತೊಡಿಸಿ ಕರೆದುಕೊಂಡ ಮದುವೆ. ಅವರ ಜನದಲ್ಲಿ ಅದು ನಡೆದು ಬಂದ ಪದ್ಧತಿ, ಯಾರೂ ಹಿಂದೆ ಮುಂದೆ ಆಡುತ್ತಿರಲಿಲ್ಲ. ಮೊದಲ ಗಂಡ ಬೀಳಗಿ ಕಡೆಯವನು. ಸಾಹೇಬರ ಸಾಮಾನು ಬಿಟ್ಟಿ ಹೊರುವುದಿಲ್ಲ ಎಂದು ಊರ ಚಾವಡಿಯ ಮುಂದೆ ಗಂಟನ್ನು ನೆಲಕ್ಕೆ ಹಾಕಿದವನಂತೆ. ಅದಕ್ಕಾಗಿ ಏಟು ತಿಂದ, ಮರುವರ್ಷ ಜ್ವರದಲ್ಲಿ ಸತ್ತ. ಕಾಕು ತವರಿಗೆ ಬಂದರು. ಕೆಲವು ವರ್ಷಗಳ ಮೇಲೆ ಕಾಕಾ ಕೇಳಿಕೊಂಡು ಹೋಗಿ ಉಡಿಕೆ ಮಾಡಿಕೊಂಡರು. ಅದಾಗಿ ಮೂರನೆಯ ವರ್ಷಕ್ಕೆ ಮಗ ಹುಟ್ಟಿದ. ಇಷ್ಟನ್ನೂ ನನಗೆ ಹೇಳಿದವಳು ನಮ್ಮ ಅವ್ವ, ಅಕ್ಕಿ ಆರಿಸುತ್ತ, ಬೇರೆ ಮಾತಿನ ನಡುವೆ.

ಒಂದು ಮಳೆಗಾಲ ಕಾಕಾನ ಹಿತ್ತಲ ಮಣ್ಣಿನ ಗೋಡೆ ಕುಸಿಯಿತು. "ಗ್ವಾಡಿ ಹಾಕಸ್ರಿ, ಗ್ವಾಡಿ ಹಾಕಸ್ರಿ" ಎಂದು ಕಾಕು ಬೇಸಿಗೆಯಿಂದ ಹೇಳುತ್ತಲೇ ಇದ್ದರು. ಬಿದ್ದ ಗೋಡೆಯ ಮೇಲಿಂದ ಸಂತೆಯ ಬೀದಿನಾಯಿಯೊಂದು ಒಳಗೆ ಬಂದುಹೋಯಿತು. ಬಿಜ್ಲಿ ಎಂಬ ಹೆಣ್ಣುನಾಯಿ ಕಾಕಾನ ಪ್ರಾಣ. ಅದು ಸುರುಳಿ ಬಾಲದ, ಚುಕ್ಕೆ ಚುಕ್ಕೆಯ ಮರಿಗಳನ್ನು ಹಾಕಿತು. ಕಾಕಾ ಒಂದೊಂದನ್ನೂ ಎತ್ತಿ ನೋಡಿ ಬುಟ್ಟಿಗೆ ಹಾಕಿ, ಬೆಲ್ಲದ ಗಾಣದವರಿಗೆ ಕಾವಲಿಗೆಂದು ಕೊಟ್ಟು ಬಂದರು. ಬಂದು ಬಿಜ್ಲಿಯ ಹಗ್ಗ ಬಿಚ್ಚಿದರು.

"ಇಕಿನ್ನೂ ಎಲ್ಲಿಗಾದರೂ ದಾಟಸಬೇಕು. ಇನ್ನ ಇಕಿ ಹೊಟ್ಟಿ ಕೆಟ್ಟತು."

ಕಾಕು ಪಡಸಾಲೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದರು. "ಆ ಮರಿ ಹ್ವಾದುವಲ್ಲ. ಇನ್ನೊಮ್ಮೆ ಚೊಕ್ಕ ನಾಯಿ ಕೂಡ ಬಿಟ್ಟರ ಚೊಕ್ಕ ಮರಿ ಹಾಕತೈತಿ."

"ಇಲ್ಲ. ಒಮ್ಮೆ ಬೆರಕಿ ಕೂಡತು ಅಂದ್ರ ಆ ನೆತ್ತರ ತಾಯಿ ಮೈಯಾಗ ಉಳೀತೈತಿ. ಮುಂದ ಎಂಥಾ ಗಂಡ ಬಂದರೂ ಮರಿಯೊಳಗ ಹಿಂದಿನ ನಾಯಿ ಇಣಿಕಿ ನೋಡತೈತಿ. ನಮ್ಮ ಅಜ್ಜನ ಕಾಲದಿಂದ ಹಿಂಗಽ ಐತಿ."

"ಗ್ವಾಡಿ ಬಿದ್ದದ್ದು ಬಿಜ್ಲಿ ತಪ್ಪೇನ್ರಿ?"

"ತಪ್ಪಿನ ಮಾತಲ್ಲ. ನೆತ್ತರದ ಮಾತು."

ಹಿಟ್ಟು ನಾದುವ ಕಾಕುವಿನ ಕೈ ನಿಂತದ್ದನ್ನು ನಾನು ಕಂಡೆ. ಮರುದಿನ ಕಾಕುವಿನ ಅಣ್ಣ ಬೀಳಗಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದವನು ಬಿಜ್ಲಿಯನ್ನು ತನ್ನ ಹೊಲಕ್ಕೆ ಕರೆದುಕೊಂಡು ಹೋದ.

ಆ ಹೊತ್ತಿಗೆ ಅವರ ಮಗ ಬನಹಟ್ಟಿ ಸೇರಿ ವರ್ಷಗಳಾಗಿದ್ದವು. ಅಪ್ಪನ ಜೊತೆ ನಾಯಿಮನೆಯಲ್ಲಿ ನಿಲ್ಲಬೇಕಾದವನು ನಾಯಿಮನೆಯೇ ಇಲ್ಲವಾದ ಮೇಲೆ ಒಂದು ನೂಲಿನ ಅಂಗಡಿಗೆ ಸೇರಿದ. ಅಲ್ಲಿ ಮಗ್ಗ ಕಲಿತ. ನೂಲು ಸಿಗದೆ ಮಗ್ಗಗಳು ನಿಂತಾಗ ನೇಕಾರರ ಮುಂದೆ ನಿಂತು ಮಾತಾಡುವವನಾದ. ಹಬ್ಬಕ್ಕೆ ಬಂದರೆ ಅಪ್ಪ ಮಗ ಎರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಮೂರನೆಯ ಮಾತಿಗೆ ಜಗಳ. ರಾಜರ ಮಾತು ಬಂದಾಗ ಅವನು ಬರೀ ದರಬಾರು ಎಂದರೆ ಇವರು ಗೌರವದಿಂದ ಸರಕಾರ್ ಅನ್ನು ಎನ್ನುವರು. ಇವರು ಸರಕಾರ್ ಎಂದರೆ ಅವನು ಸರಕಾರ ಮುಂಬಯಿಯೊಳಗೈತಿ ಎನ್ನುವನು.

ದೇಶಕ್ಕೆಲ್ಲ ಮೊದಲನೆಯ ಚುನಾವಣೆ ಬಂತು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನವನ ಗುರುತಿನ ಚಿತ್ರ. ಒಂದು ಹಳೆಯ ಸರದಾರ ಮನೆತನದವರು ನಿಂತಿದ್ದರು. ಕಾಕಾ ಅವರ ಕಡೆ ಎಂದು ಬೇರೆ ಹೇಳಬೇಕಿಲ್ಲ. ಸಂಜೆ ನಮ್ಮ ಕಟ್ಟೆಗೆ ಬಂದು ಅಪ್ಪನ ಜೊತೆ ಕುಳಿತು ಓಣಿಯ ಮತಗಳನ್ನೆಲ್ಲ ಅವರು ಮೊದಲೇ ಹೇಳಿಬಿಡುತ್ತಿದ್ದರು.

"ಆ ಎಣ್ಣಿ ಅಂಗಡಿಯವರು ಯಾವ ಪೆಟ್ಟಿಗಿಗೆ ಹಾಕತಾರ ಹೇಳಲೇನ್ರಿ ರಾಯರ?"

"ಹೇಳ್ರಿ ನೋಡೋಣ."

"ಅವರಪ್ಪ ಸಂತ್ಯಾಗ ಯಾರರ ಜೋರ ಕೆಮ್ಮಿದರ ಅಂಗಡಿ ಬಾಗಲಾ ಹಾಕತಿದ್ದ. ಇವರೂ ಸಂಜೀತನಾ ಮನ್ಯಾಗ ಕುಂತು, ಬಾಳ ಮಂದಿ ಎತ್ತಾಗ ಹೊಂಟಾರ ನೋಡಿ ಅತ್ತಾಗ ಹೊಕ್ಕಾರ. ಅಂಜಿಕಿ ಹುಟ್ಟತಾ ಬರತೈತ್ರಿ, ಕಲಿಯೂದಲ್ಲ. ಆ ಕಮ್ಮಾರ ಮನಿಯವರದು ನೋಡ್ರಿ, ಯಾರು ಆಳಿದರೂ ಅವರ ಎದರಿಗೆ. ಅವರಜ್ಜ ಸಂಸ್ಥಾನದ ಎದರಿಗೆ, ಇವರು ಇನ್ನ ಮುಂಬಯಿ ಎದರಿಗೆ."

ಅಪ್ಪ ನಕ್ಕರು. "ಹಂಗಾದ್ರ ಮತ ಎಣಸೋದ ಬ್ಯಾಡ ಬಿಡ್ರಿ ಕಾಕಾ. ಎಲ್ಲಾರ ಅಜ್ಜಂದಿರನ್ನ ಎಣಿಸಿದ್ರ ಆತು."

"ಖರೇ ಅಂದ್ರಿ. ಸರಕಾರಕ್ಕ ಪೆಟ್ಟಿಗಿ ಖರ್ಚರ ಉಳೀತಿತ್ತು."

"ಆದ್ರ ಕಾಕಾ, ಅದು ನೆತ್ತರಽ ಅಂತ ಹೆಂಗ ಹೇಳ್ತೀರಿ? ಕೂಸು ಹುಟ್ಟಿದಾಗಿಂದ ಅಪ್ಪನ ಮಾತು ಕೇಳ್ತದ. ಹಾಲಿನ ಕೂಡ ಮಾತೂ ಕುಡೀತದ."

ಕಾಕಾ ಇದಕ್ಕೆ ಕಾದಿದ್ದವರ ಹಾಗೆ ಮುಂದೆ ಬಾಗಿದರು. "ತಾಯಿ ಸತ್ತ ಮರೀನ ನಾ ಬೀದಿನಾಯಿ ಹಾಲಿಗೆ ಹಚ್ಚಿ ಬೆಳಸೀನ್ರಿ. ಬೀದಿನಾಯಿ ಕೂಡ ಉಂಡು, ಬೀದಿನಾಯಿ ಕೂಡ ಮಲಗಿ ಬೆಳೀತು. ಒಂದ ದಿನ ಮೊಲಾ ಕಂಡತು ನೋಡ್ರಿ, ಬಾಣಾ ಬಿಟ್ಟಂಗ ಹೋತು. ಬೀದಿನಾಯಿ ಕುಂತಲ್ಲೇ ತುರಿಸಿಕೊಂತಿತ್ತು. ಯಾರು ಕಲಸಿದರು?"

"ಮೊಲಾ ಬ್ಯಾರೆ, ಮತಾ ಬ್ಯಾರೆ, ಕಾಕಾ."

"ಓಡೂದು ಒಂದಽ ರಾಯರ."

ಕಾಕಾ ಹೇಳಿದ್ದು ಬಹಳ ಮನೆಗಳ ಮಟ್ಟಿಗೆ ನಿಜವಾಯಿತು ಎಂದು ಅಪ್ಪ ಆಮೇಲೆ ಒಪ್ಪಿಕೊಂಡರು. ತಪ್ಪಿದ್ದು ಅವರ ಸ್ವಂತ ಮನೆಯ ಲೆಕ್ಕ.

ಚುನಾವಣೆಗೆ ಮುಂಚಿನ ಸಂತೆಯ ದಿನ ಚೌಕದಲ್ಲಿ ಎದುರು ಪಕ್ಷದವರ ಸಭೆ ನಡೆಯಿತು. ಭಾಷಣಕ್ಕೆ ಬನಹಟ್ಟಿಯಿಂದ ಬಂದವನು ಕಾಕಾನ ಮಗನೇ. ಅವ್ವ, ಕಾಕು, ನಾನು ಹೆಂಗಸರ ಜೊತೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆವು. ಕಾಕುವಿನ ಕೈಯಲ್ಲಿ ಚುರುಮುರಿಯ ಪೊಟ್ಟಣ. ಮಗ ಊರಿಗೆ ಬಂದಿದ್ದಾನೆಂಬ ಹಿಗ್ಗಿನಲ್ಲಿ ನಮಗೆಲ್ಲ ಹಿಡಿ ಹಿಡಿ ಕೊಡುತ್ತಿದ್ದರು. ಕಾಕಾ ಚೌಕದ ಆಚೆ ಬದಿಗೆ, ರುಮಾಲು ಸುತ್ತಿಕೊಂಡು ಕೋಲಿಗೆ ಆತು ನಿಂತಿದ್ದರು.

ಮಗ ಚಕ್ಕಡಿಯ ಮೇಲೆ ಹತ್ತಿ ನಿಂತ. ತೆಳ್ಳಗಿನ ಆಳು, ದನಿ ದೊಡ್ಡದು. ಮಾತಾಡುತ್ತ ಆಡುತ್ತ ಒಂದು ಕೈಯಿಂದ ಚಕ್ಕಡಿಯ ಗೂಟ ಹಿಡಿದು, ಎಡಗಾಲ ಮೇಲೆ ಭಾರ ಹಾಕಿ, ಬಲಗಾಲಿನ ಅಂಗಾಲನ್ನು ಎಡ ಮೊಣಕಾಲಿಗೆ ಒತ್ತಿದ. ನಾನು ತಿರುಗಿ ಚೌಕದ ಆಚೆ ನೋಡಿದೆ. ಅಲ್ಲಿ ಕಾಕಾ ಅದೇ ಕಾಲಲ್ಲಿ, ಅದೇ ಕೊಕ್ಕರೆಯ ಹಾಗೆ ನಿಂತಿದ್ದರು. ಇಬ್ಬರ ನಡುವೆ ಸಂತೆಯ ಅಷ್ಟೂ ಮಂದಿ. ತಾನು ಹೇಗೆ ನಿಂತಿದ್ದೇನೆ ಎಂಬುದು ಇಬ್ಬರಿಗೂ ಕಾಣುವಂತಿರಲಿಲ್ಲ.

"ನಮ್ಮೂರಾಗ ನಾಯಿಗೆ ಹಾಲ ಹಾಕೂ ಮನಿ ಅದಾವ" ಎಂದ ಮಗ. "ಬನಹಟ್ಟ್ಯಾಗ ನೇಕಾರನ ಕೂಸಿಗೆ ಗಂಜಿ ಇಲ್ಲ. ಹಾಲ ಹಾಕಾವರು ಕೆಟ್ಟವರಲ್ಲರಿ. ಅವರು ನಮ್ಮವರಽ. ಆದರ ಯಾರಿಗೆ ಹಾಕಬೇಕು ಅಂತ ಅವರನ್ನ ಯಾರೂ ಎಂದೂ ಕೇಳಿಲ್ಲ. ಈಗ ಕೇಳಾಕತ್ತಾರ. ಅದಕ್ಕಽ ಈ ಪೆಟ್ಟಿಗಿ."

ಮಂದಿ ಚಪ್ಪಾಳೆ ಹೊಡೆದರು. ಗುಂಪಿನಿಂದ ಒಬ್ಬ ಕೂಗಿದ, "ಏ ಕಾಕಾ, ನಿನ್ನ ಮರಿ ನಿನಗಽ ಬೊಗಳಾಕತ್ತೈತಲ್ಲೋ!" ನಗೆ ಎದ್ದಿತು.

ಕಾಕಾ ಎತ್ತಿದ ಕಾಲನ್ನು ನೆಲಕ್ಕಿಟ್ಟರು. "ಅದು ನನ್ನ ಮರಿ ಅಲ್ಲ" ಎಂದರು. ಜೋರಾಗಿ ಅಲ್ಲ, ನಾಯಿಯ ತಳಿ ಹೇಳುವ ದನಿಯಲ್ಲಿ. "ಅದರ ತಾಯಿ ಮೊದಲ ಬ್ಯಾರೆ ಹಿಂಡಿನಾಗ ಇದ್ದು ಬಂದಾಕಿ. ಎದರು ನಿಲ್ಲೂ ನೆತ್ತರ ಅಲ್ಲಿಂದು. ಒಮ್ಮೆ ಹೊಕ್ಕಿದ್ದು ಹೊಕ್ಕತು."

ನಗೆ ನಿಂತಿತು. ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ಕಾಕುವಿನ ಕಡೆ ನೋಡಲಿಲ್ಲ, ನೋಡದಿರಲು ಹೆಣಗಿದರು. ಕಾಕು ಪೊಟ್ಟಣದ ಬಾಯಿಯನ್ನು ಮಡಿಸಿದರು, ಇನ್ನೊಮ್ಮೆ ಮಡಿಸಿದರು, ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಂದು ಕಾಳೂ ಚೆಲ್ಲಲಿಲ್ಲ.

ಮಗ ಚಕ್ಕಡಿಯಿಂದ ಧುಮುಕಿ ನೇರ ನಮ್ಮ ಕಡೆಗೆ ಬಂದ. ಅಪ್ಪನ ಕಡೆ ಅವನು ಹೋಗಲಿಲ್ಲ. "ಅವ್ವಾ, ನಡಿ ಬನಹಟ್ಟಿಗೆ. ಇನ್ನೊಂದು ತಾಸು ಈ ಊರಾಗ ಇರಬ್ಯಾಡ."

"ನಾ ಬರಂಗಿಲ್ಲ."

"ಇಷ್ಟಾದ ಮ್ಯಾಗೂ ಆ ಮನ್ಯಾಗ?"

"ನಾ ಎದ್ದು ಬಂದ್ರ ಅವರಂದ ಮಾತು ಖರೇ ಆಗತೈತಿ. ನೀ ಹೋಗು. ನಾ ಅಲ್ಲೇ ಇರತೀನಿ."

ಅವನು ಹೋದ. ಮುಂದೆ ಬಹಳ ದಿನ ಅವನು ಆ ಊರ ಕಡೆ ತಲೆ ಹಾಕಲಿಲ್ಲ. ಮತದ ದಿನ ಕಾಕು ಅವ್ವನ ಜೊತೆ ಸಾಲಿನಲ್ಲಿ ನಿಂತು ಮತ ಹಾಕಿ ಬಂದರು. ಯಾವ ಪೆಟ್ಟಿಗೆಗೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಎಂದಿನಂತೆ ಕೇಳುತ್ತಿತ್ತು. ಮಾತಿನ ಸದ್ದು ನಿಂತುಹೋಯಿತು. ಗೋಡೆಯ ಈಚೆಗಿದ್ದ ನಮಗೆ ಅದು ಬೈಗುಳಕ್ಕಿಂತ ಭಾರವಾಗಿತ್ತು.

ಆ ಬೇಸಿಗೆಯಲ್ಲಿ ನನ್ನ ಮದುವೆಯಾಗಿ ನಾನು ಜಮಖಂಡಿಗೆ ಹೋದೆ. ಮೊದಲ ನಾಗಪಂಚಮಿಗೆ ತವರಿಗೆ ಬಂದೆ. ಕಾಕುವೂ ಆ ವರ್ಷ ಪಂಚಮಿಗೆ ಅಣ್ಣನ ಮನೆಗೆ, ಬೀಳಗಿಗೆ ಹೋಗಿದ್ದರು. ಹಬ್ಬ ಮುಗಿದ ಮೂರನೆಯ ದಿನ ತಲೆಯ ಮೇಲೆ ಉಂಡಿಯ ಬುಟ್ಟಿ ಹೊತ್ತು ಬಸ್ಸಿನಿಂದ ಇಳಿದು ಬಂದರು. ಕಾಕಾ ನಮ್ಮ ಕಟ್ಟೆಯ ಮೇಲೆ ಅಪ್ಪನ ಜೊತೆ ಇದ್ದರು. ಕಾಕು ಮನೆಗೆ ಹೋಗದೆ ನೇರ ಅಲ್ಲಿಗೇ ಬಂದು ಬುಟ್ಟಿ ಇಳಿಸಿದರು. ಶೇಂಗಾ ಉಂಡಿ, ಎಳ್ಳುಂಡಿಗಳ ಗಂಟಿನ ಪಕ್ಕದಲ್ಲಿ, ಹಳೆಯ ಸೀರೆಯ ತುಂಡಿನ ಮೇಲೆ ಒಂದು ನಾಯಿಮರಿ ಮಲಗಿತ್ತು. ಅದನ್ನು ಎತ್ತಿ ಕಾಕಾನ ತೊಡೆಯ ಮೇಲೆ ಇಟ್ಟರು.

ಕಾಕಾನ ಮುಖ ಎಷ್ಟೋ ತಿಂಗಳ ಮೇಲೆ ಬಿಚ್ಚಿಕೊಂಡಿತು. ಬಾಯಿ ಬಿಡಿಸಿ ಅಂಗುಳ ನೋಡಿದರು. ಬಾಲವನ್ನು ಹಿಂಗಾಲುಗಳ ನಡುವಿಂದ ಎಳೆದು ಸೊಂಟದ ಎಲುಬಿಗೆ ಮುಟ್ಟಿಸಿದರು. ಕೊನೆಗೆ ಕಣ್ಣು ಮುಚ್ಚಿ ಹೆಡಕಿನಿಂದ ಹೆಬ್ಬೆರಳು ಇಳಿಸಿದರು. "ಚೊಕ್ಕ! ಎಂಟು ತಲಿಮಾರಿಂದ ಚೊಕ್ಕ ಐತಿ. ಅಪ್ಪ ಯಾವುದು, ನಾ ಬೀಳಗಿ ಗೌಡರಿಗೆ ಕೊಟ್ಟ ಗಂಡಽ ಹೌದಲ್ಲ? ಗೊತ್ತಾತು. ತಾಯಿ ಯಾವುದು?"

"ಬಿಜ್ಲಿ" ಎಂದರು ಕಾಕು.

ಹೆಬ್ಬೆರಳು ಮರಿಯ ಸೊಂಟದ ಮೇಲೆ ನಿಂತಿತು.

"ಬಿಜ್ಲೀನ ನಮ್ಮಣ್ಣ ಕ್ವಾಣ್ಯಾಗ ಕಟ್ಟಿದ್ದ, ಇನ್ನೊಂದು ನಾಯಿ ಮಾರಿ ತೋರಿಸಿಲ್ಲ. ಆರೂ ಮರಿ ಹಿಂಗಽ ಅದಾವ. ಹಿಂದಿನ ಬೀದಿನಾಯಿ ಎಲ್ಲಿ ಇಣಿಕಿ ನೋಡಾಕತ್ತೈತಿ, ತೋರಸ್ರಿ. ಬಾಲದಾಗೇನು? ಕಣ್ಣಾಗೇನು? ನಿಮ್ಮ ಬೆರಳಿಗಿಂತ ದೊಡ್ಡ ಸಾಕ್ಷಿ ನನ್ನ ಹಂತ್ಯಾಕ ಇಲ್ಲ."

ಅಪ್ಪ ನೆಲ ನೋಡುತ್ತಿದ್ದರು. ಕಾಕು ಬುಟ್ಟಿಯಿಂದ ನಾಲ್ಕು ಉಂಡಿ ತೆಗೆದು ನನ್ನ ಉಡಿಗೆ ಹಾಕಿ, "ಹೊಸಾ ಮದಿಮಗಳು, ತಿನ್ನವಾ" ಎಂದು ಮನೆಯೊಳಗೆ ಹೋದರು.

ಅಂದೇ ಕಾಕಾ ಬನಹಟ್ಟಿಯ ಬಸ್ಸು ಹತ್ತಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹತ್ತಲಿಲ್ಲ. "ಮರಿ ಈಗ ಏನ ಹೇಳತೈತಿ? ಬೆಳೀಲಿ. ಹಲ್ಲ ಬೀಳಲಿ" ಎಂದರು. ಹಲ್ಲು ಬಿದ್ದವು, ನೆಟ್ಟಗೆ ಹುಟ್ಟಿದವು. "ಎದಿ ಇಳೀಲಿ" ಎಂದರು. ಎದೆ ಬೇಟೆನಾಯಿಗೆ ತಕ್ಕಂತೆ ಆಳಕ್ಕೆ ಇಳಿಯಿತು. "ಮೊಲಾ ಕಾಣಲಿ" ಎಂದರು. ಹೊಲದಲ್ಲಿ ಮೊಲ ಕಂಡಾಗ ಅದು ಉಳಿದ ನಾಯಿಗಳಿಗಿಂತ ಮುಂದೆ ಓಡಿತು. ಪ್ರತಿ ಸಲವೂ ಎಲ್ಲಾದರೂ ಬೆರಕೆ ಕಂಡೀತೆಂದು ಕಾಯುವುದು, ಕಾಣದೆ ಸುಮ್ಮನಾಗುವುದು. ಹೀಗೆ ಒಂದು ವರ್ಷಕ್ಕೂ ಮೇಲೆ ಕಳೆಯಿತು. ಕಾಕು ಒಮ್ಮೆ ಅವ್ವನ ಮುಂದೆ ಅಂದರು, "ಅಪ್ಪಂದು ವಾಡೇದ ಕಡೆ, ಮಗಂದು ಮಗ್ಗದ ಕಡೆ. ಆದರ ಕಚ್ಚಿದ್ದು ಬಿಡಬಾರದು ಅನ್ನೂದು ಇಬ್ಬರದೂ ಒಂದಽ. ಇದಕ್ಕಿಂತ ಇನ್ನೆಂಥಾ ಗುರುತು ಬೇಕಾಗಿತ್ತು ಇವರಿಗೆ?"

ಮರುವರ್ಷದ ದೀಪಾವಳಿಗೆ ನಾನು ಐದು ತಿಂಗಳ ಮಗನನ್ನು ಎತ್ತಿಕೊಂಡು ತವರಿಗೆ ಬಂದಿದ್ದೆ. ಆಗ ಕಾಕಾ ಯಾರಿಗೂ ಹೇಳದೆ ಆ ನಾಯಿಯ ಹಗ್ಗ ಹಿಡಿದುಕೊಂಡು ಯಾರದೋ ಚಕ್ಕಡಿಯಲ್ಲಿ ಬನಹಟ್ಟಿಗೆ ಹೋದರು. ಮರುದಿನ ತಿರುಗಿ ಬಂದರು. ನಮ್ಮ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದರು.

"ಹುಡುಗನ್ನ ಕಂಡ್ರೇನು?" ಎಂದರು ಅಪ್ಪ.

"ಕಂಡೆ. ಮಗ್ಗದ ಕುಣ್ಯಾಗ ಕಾಲ ಬಿಟ್ಟು ಕುಂತಿದ್ದ. ಬೆನ್ನ ನನ್ನ ಕಡೆ ಇತ್ತು. ಅಂಗಿ ಇರಲಿಲ್ಲ. ಒಂದೊಂದು ಎಲವೂ ಕಾಣತಿತ್ತು ರಾಯರ. ಸೊರಗ್ಯಾನ."

"ಮಾತಾಡ್ಸಲಿಲ್ಲೇನು?"

"ಏನಂತ ಮಾತಾಡಸಲಿ? ಊರ ಮುಂದ ಆಡಿದ ಮಾತು ಊರ ಮುಂದನಽ ತಿರಗಿ ತಗೋಬೇಕು. ಓಣ್ಯಾಗ ನಿಂತು ಅವನೊಬ್ಬನ ಕಿವ್ಯಾಗ ಹೇಳಿದರ ಅವರವ್ವಗ ಏನ ಬಂತು? ಬರೂ ಸಂತಿ ದಿನ ಚೌಕದಾಗ ನಿಂತು ಹ್ಯಾಳತೀನಿ."

ಆಮೇಲೆ ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡು, ಬೋರಲು ಮಲಗಿಸಿ, ಬೆನ್ನ ಮೇಲೆ ಹೆಬ್ಬೆರಳು ಇಳಿಸಿದರು. ಎಂದಿನಂತೆ "ನೆಟ್ಟಗೈತಿ" ಎನ್ನಲಿಲ್ಲ. "ತಂಗಿ, ಇದು ನಾಳೆ ನಿನ್ನ ಮಾತು ಕೇಳತೈತೋ ಇಲ್ಲೋ. ನಿನ್ನ ಗಂಡನ ಎದರು ನಿಲ್ಲತೈತೋ ಏನೋ. ನಿಂತರೂ ಇದು ನಮ್ಮದಽ ಅನ್ನು. ಮೊದಲ ಅದನ್ನ ಅನ್ನು, ಜಗಳಾ ಆಮ್ಯಾಗ ಮಾಡು" ಎಂದರು.

ನನ್ನ ಮಗ ದೊಡ್ಡವನಾಗಿ ತನ್ನ ಅಪ್ಪನ ಪಕ್ಷವನ್ನು ಬಿಟ್ಟ. ಚುನಾವಣೆ ಬಂದಾಗಲೆಲ್ಲ ನಮ್ಮ ಮನೆಯ ಊಟದ ಹೊತ್ತಿನಲ್ಲಿ ತಾಟು ಸರಿಸಿ ಎದ್ದು ಹೋಗುವುದು ನಡೆದೇ ಇದೆ. ನಾನು ಪ್ರತಿ ಸಲವೂ ಮೊದಲು ಅವನ ಬೆನ್ನ ಹಿಂದೆ ಹೋಗಿ ನಿಂತಿದ್ದೇನೆ. ಈಗ ಮೊಮ್ಮಗಳು ಪತ್ರಿಕೆ ಓದಿ ಹೇಳುತ್ತಾಳೆ, ಮನುಷ್ಯ ಯಾವ ಕಡೆ ವಾಲುತ್ತಾನೆ ಎಂಬುದರಲ್ಲಿ ಹುಟ್ಟಿನಿಂದ ಬಂದದ್ದೂ ಸ್ವಲ್ಪ ಇರಬಹುದೆಂದು ಕಲಿತವರು ಅವಳಿ ಮಕ್ಕಳನ್ನೆಲ್ಲ ನೋಡಿ ಯೋಚಿಸುತ್ತಿದ್ದಾರಂತೆ, ಪಕ್ಷವಲ್ಲ, ಸ್ವಭಾವ, ಅದೂ ಸ್ವಲ್ಪವೇ, ಉಳಿದದ್ದು ಬೆಳೆದ ರೀತಿ. ಹೆಣ್ಣಿನ ಮೈಯಲ್ಲಿ ಹಿಂದಿನವನ ನೆತ್ತರು ಉಳಿಯುತ್ತದೆಂಬುದು ಮಾತ್ರ ಶುದ್ಧ ಸುಳ್ಳು ಎಂದು ನಮ್ಮ ದನದ ಡಾಕ್ಟರರೇ ಹೇಳಿದ್ದರು. ಕಾಕಾ ಅರ್ಧ ಸರಿಯಿದ್ದರು ಎಂದಾಯಿತು. ಆ ಉಳಿದ ಅರ್ಧ ಒಂದು ಮನೆಯನ್ನು ತಿಂದಿತು.

ಕಾಕಾ ತಾವೇ ಹೇಳಿದ್ದ ಆ ಸಂತೆಯ ದಿನ ರುಮಾಲು ಸುತ್ತಿಕೊಂಡು ಚೌಕಕ್ಕೆ ಹೋದರು. ಅಪ್ಪನೂ ಬೇಕೆಂದೇ ಕಚೇರಿಯಿಂದ ಬೇಗ ಎದ್ದು ಹೋಗಿ ನಿಂತಿದ್ದರು. ಕಾಕಾ ಬಹಳ ಹೊತ್ತು ಮಂದಿಯನ್ನು ನೋಡುತ್ತ ನಿಂತರಂತೆ. ಬದನೆಕಾಯಿ, ಮೆಣಸಿನಕಾಯಿ, ಹಗ್ಗ ಕಣ್ಣಿ ಕೊಳ್ಳುವ ಗದ್ದಲದಲ್ಲಿ ಅವರ ಕಡೆ ಯಾರೂ ತಿರುಗಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡರು. ಕೊನೆಗೆ ಮನೆಗೆ ಬಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. ಜೊತೆಗೆ ಬಂದಿದ್ದ ಅಪ್ಪನಿಗೆ ಅಂದರು, "ಇವತ್ತ ಗದ್ದಲಾ ಬಾಳ ಇತ್ತು ರಾಯರ. ಬರೂ ಸಂತಿಗೆ."

ಬರುವ ಸಂತೆಗೆ ಎರಡು ದಿನ ಮುಂಚೆ, ನಾಯಿಗಳಿಗೆ ನುಚ್ಚು ಹಾಕುತ್ತಿದ್ದವರು ಹಿತ್ತಲಲ್ಲಿ ಬಿದ್ದರು. ಲಕ್ವಾ ಹೊಡೆದಿತ್ತು. ಬಲಮೈ ಪೂರ ಹೋಗಿತ್ತು, ಜೊತೆಗೆ ಮಾತು. ಬಾಯಿಯಿಂದ ಬರುತ್ತಿದ್ದದ್ದು ಒಂದು ಊಳಿನಂಥ ದನಿ. ಅದನ್ನು ಕೇಳಿದರೆ ಹಿತ್ತಲಲ್ಲಿ ನಾಯಿಗಳು ಎದ್ದು ನಿಲ್ಲುತ್ತಿದ್ದವು.

ಅಪ್ಪ ಬನಹಟ್ಟಿಗೆ ಆಳು ಕಳಿಸಿದರು. ಚೌಕದಲ್ಲಿ ಏನು ಹೇಳಬೇಕೆಂದು ಕಾಕಾ ಇಚ್ಛೆಪಟ್ಟಿದ್ದರು ಎಂಬುದನ್ನು ಕಾಕುಗೂ ಆಗಲೇ ತಿಳಿಸಿದರು. ಕಾಕು ಕೇಳಿಕೊಂಡರು. ಹಣೆಯ ಬೆವರು ಒರೆಸುತ್ತಿದ್ದ ಅರಿವೆಯನ್ನು ಹಿಂಡಿ, ಮತ್ತೆ ಒರೆಸತೊಡಗಿದರು.

ಮಗ ಮರುದಿನ ಮಧ್ಯಾಹ್ನ ಬಂದ. ಒಳಗೆ ಬಂದು ಅಪ್ಪನ ಕೌದಿಯ ಪಕ್ಕದಲ್ಲಿ ನಿಂತ. ಕುಳಿತುಕೊ ಎಂದು ಯಾರೂ ಹೇಳಲಿಲ್ಲ. ನೋಡನೋಡುತ್ತ ಅವನ ಬಲಗಾಲು ಮೆಲ್ಲಗೆ ಎದ್ದು ಎಡ ಮೊಣಕಾಲಿಗೆ ಒತ್ತಿಕೊಂಡಿತು. ಮಲಗಿದಲ್ಲಿಂದ ಕಾಕಾನ ಕಣ್ಣುಗಳು ಆ ಕಾಲಿಗೆ ಅಂಟಿಕೊಂಡವು. ಮುಖದ ಕಡೆ ಹೋಗಲೇ ಇಲ್ಲ.

ಕಾಕು ಎದ್ದು ಹೋಗಿ ಬೀದಿಯ ಬಾಗಿಲಿನ ಎರಡೂ ಕದಗಳನ್ನು ತೆರೆದರು. "ಬರ್ರಿ, ಎಲ್ಲಾರೂ ಒಳಗ ಬರ್ರಿ" ಎಂದು ಓಣಿಯವರನ್ನು ಕರೆದರು. ಕಟ್ಟೆಯ ಮೇಲೆ ಕಾದು ನಿಂತಿದ್ದವರೆಲ್ಲ ಒಳಗೆ ಬಂದು ಗೋಡೆಗೆ ಒತ್ತಿ ನಿಂತರು. ಎಣ್ಣೆ ಅಂಗಡಿಯವರು ಬಂದರು, ಕಮ್ಮಾರ ಮನೆಯವರು ಬಂದರು. ನಾನು ಹೊಸ್ತಿಲಲ್ಲಿದ್ದೆ.

"ಅಂಗಿ ತಗಿ" ಎಂದರು ಕಾಕು ಮಗನಿಗೆ. "ಇಲ್ಲಿ ಕುಂಡ್ರು. ಬೆನ್ನ ಇತ್ತಾಗ ಮಾಡು."

ಅವನು ಅಂಗಿ ತೆಗೆದು ಅಪ್ಪನಿಗೆ ಬೆನ್ನು ಕೊಟ್ಟು ಕುಳಿತ. ಕಾಕಾ ಹೇಳಿದ್ದು ನಿಜ, ಒಂದೊಂದು ಎಲುಬೂ ಕಾಣುತ್ತಿತ್ತು. ಕಾಕು ಗಂಡನ ಬಲಗೈಯನ್ನು ಎತ್ತಿದರು. ಅದು ನೆನೆದ ಅರಿವೆಯ ಹಾಗೆ ಜೋತು ಬಿದ್ದಿತು. ಆ ಅಗಲ ಹೆಬ್ಬೆರಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಮಗನ ಹೆಡಕಿಗೆ ಒತ್ತಿದರು. ಮೆಲ್ಲಗೆ, ಒಂದು ಎಲುಬೂ ತಪ್ಪದ ಹಾಗೆ, ಸೊಂಟದ ತನಕ ಎಳೆದರು. ಕಾಕಾನ ಬಾಯಿಂದ ಆ ಊಳಿನ ದನಿ ಒಮ್ಮೆ ಬಂತು. ಎಡಗಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಲಕ್ವಾ ಹೊಡೆದವರ ಕಣ್ಣಲ್ಲಿ ನೀರು ತಾನಾಗಿಯೇ ಬರುತ್ತದೆ ಎಂದು ಆಮೇಲೆ ಯಾರೋ ಹೇಳಿದರು.

"ನೆಟ್ಟಗೈತಿ ಅನ್ನಾಕತ್ತಾರ" ಎಂದರು ಕಾಕು, ಮಂದಿಯ ಕಡೆ ನೋಡಿ.

"ಸಾಕವ್ವಾ" ಎಂದ ಮಗ, ತಿರುಗದೆ. "ಸಾಕು ಬಿಡು."

ಕಾಕಾ ಮೂರನೆಯ ದಿನ ಹೋದರು. ಮಗ ಹೆಗಲು ಕೊಟ್ಟ. ಕೆಲಸಗಳೆಲ್ಲ ಮುಗಿದ ಮೇಲೆ ತಾಯಿಯನ್ನು ಬನಹಟ್ಟಿಗೆ ಕರೆದ. ಈ ಸಲ ಕಾಕು ಒಪ್ಪಿದರು. ಹೊರಡುವ ದಿನ ಅವರ ಗಂಟು ಕಟ್ಟಲು ನಾನು ಹೋಗಿದ್ದೆ. ಗೂಟದ ಮೇಲೆ ಜರಿ ರುಮಾಲು ಹಾಗೆಯೇ ಇತ್ತು. ಕಾಕು ಅದನ್ನು ತೆಗೆದುಕೊಳ್ಳಲಿಲ್ಲ, ಧೂಳು ಕೊಡವಿ ಅಲ್ಲೇ ಹಾಕಿದರು. ಬಿಜ್ಲಿಯ ಮಗಳು ಹೊಸ್ತಿಲಲ್ಲಿ ಕೊರಳು ಚಾಚಿ ಮಲಗಿತ್ತು.

"ಕಾಕಾ ಚೌಕದಾಗ ಹೇಳಽ ಹೇಳತಿದ್ರು, ಕಾಕು" ಎಂದೆ. ಸಮಾಧಾನಕ್ಕೆ ಬೇರೆ ಮಾತು ನನಗೆ ಗೊತ್ತಿರಲಿಲ್ಲ.

ಕಾಕು ಗಂಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಬಿಗಿದರು. "ಹೇಳತಿದ್ರೋ ಏನೋ ತಂಗಿ. ನಿಮ್ಮಪ್ಪ ಸುಳ್ಳ ಹೇಳಾವರಲ್ಲ. ಆದರ ಅವರ ಕೈ ಎಳೆದಾಕಿ ನಾನು. ಆ ಮಾತು ಅವರದೋ ನನ್ನದೋ ಅಂತ ನನ್ನ ಮಗ ಒಂದಽ ಸಲ ಕೇಳ್ಯಾನ."

"ನೀವೇನಂದ್ರಿ?"

"ಅವರದು ಅಂದೆ" ಎಂದರು. ಆಮೇಲೆ ನಾಯಿಯ ಹಗ್ಗ ಹಿಡಿದು, ತಲೆ ತಗ್ಗಿಸಿ ಹೊಸ್ತಿಲು ದಾಟಿದರು.